ಟ್ಯಾಂಕಿನ ಬಾಯಿ

ಕರೆಸಿಬಿಡುವುದೇ ವಾಸಿಯೇನೋ. ಇಲ್ಲ, ತಾನೇ ಮಾಡಿ ಮುಗಿಸಿಬಿಡುವುದೋ. ಮಾಡುವುದಕ್ಕಾದರೂ ಏನಿದೆ? ಸ್ಪ್ಯಾನರ್ ಬೇಡ, ಸ್ಕ್ರೂಡ್ರೈವರ್ ಬೇಡ. ಒಂದು ಬಟ್ಟೆಯ ತುದಿಯನ್ನು ಪೆಟ್ರೋಲಿನಲ್ಲಿ ಅದ್ದಿ ಒರೆಸಿದರೆ ಆಯಿತು. ಆದರೆ ಅಷ್ಟು ಮಾಡುವುದಕ್ಕೇ ಕೈ ಬರುವುದಿಲ್ಲ. ಮೆಕ್ಯಾನಿಕ್ಕನ್ನು ಕರೆಸಿದರೆ ಅವನ ಕೈ ಬರುತ್ತದೆ. ಆದರೆ ಕೈಯ ಜೊತೆ ಅವನ ಬಾಯಿಯೂ ಬರುತ್ತದೆ. ಏನಾಗಿತ್ತು ಎಂದು ಅವನು ಎಲ್ಲರೆದುರು ಹೇಳುತ್ತಾನೆ. ಹೇಳದೆ ಇರಲು ಅವನಿಗೇನು ಕಾರಣವಿದೆ?

ಹೇಮಂತ ಭದ್ರಾ ಹಿನ್ನೀರಿನ ದಡದಲ್ಲಿ, ಟಾರ್ಪಾಲ್ ಹೊದಿಸಿದ ದೋಣಿಯ ಪಕ್ಕ ಕುಳಿತಿದ್ದ. ದೋಣಿ ಅವನದೇ. ತಳ ಚಪ್ಪಟೆಯಾದ ಫೈಬರ್ ದೋಣಿ, ಹಿಂಬದಿಗೆ ಹಗ್ಗ ಎಳೆದು ಚಾಲೂ ಮಾಡುವ ಹಳೆಯ ಎಂಜಿನ್, ಹಿಂದಿನ ಹಲಗೆಯ ಕೆಳಗೆ ಕೆಂಪು ತಗಡಿನ ಪೆಟ್ರೋಲ್ ಟ್ಯಾಂಕು. ಒಂದು ವರ್ಷದಿಂದ ಅದು ನೀರಿಗಿಳಿದಿರಲಿಲ್ಲ. ಹಿನ್ನೀರಿನಲ್ಲಿ ಪಂಜರ ಕಟ್ಟಿ ಮೀನು ಸಾಕುವ ಕಂಟ್ರಾಕ್ಟರೊಬ್ಬರ ಬಳಿ ಅವನು ಕೆಲಸಕ್ಕಿದ್ದ. ಪಂಜರಗಳು ದಡಕ್ಕೆ ಹತ್ತಿರವೇ ಇದ್ದುದರಿಂದ ಮೀನಿಗೆ ಆಹಾರ ಹಾಕಿ ಬರಲು ಹರಿಗೋಲು ಸಾಕಾಗುತ್ತಿತ್ತು. ಲಕ್ಕವಳ್ಳಿ ಕಡೆಯ ದಡಕ್ಕೆ ಹೋಗಬೇಕಾದರೆ ಮಾತ್ರ ದೋಣಿ ಬೇಕು. ಅವನು ಆ ದಡಕ್ಕೆ ಹೋಗುವುದನ್ನೇ ಬಿಟ್ಟಿದ್ದ. ಸಂತೆಗೆ, ಬ್ಯಾಂಕಿಗೆ ಹೋಗುವುದಿದ್ದರೆ ಕಾಡಿನ ರಸ್ತೆಯಲ್ಲಿ ಅರ್ಧ ದಿನ ಸುತ್ತಿಕೊಂಡು ಬೈಕಿನಲ್ಲಿ ಹೋಗುತ್ತಿದ್ದ.

ಫೋನು ಬಡಿದುಕೊಂಡಿತು. ಹೆಂಡತಿ ಅನಿತಾಳ ತಮ್ಮ ಅಭಿಲಾಷ್, ಅಜ್ಜಂಪುರದಿಂದ.

"ಭಾವ, ಇವತ್ತಾದ್ರೂ ಎದ್ದೇಳ್ತಾ ನಿಮ್ಮ ಎಂಜಿನ್ನು?"

"ನೋಡ್ತಿದೀನಿ ಅಭಿ."

"ನೋಡ್ತಾನೇ ಇದೀರಲ್ಲ. ಅದೇನ್ ಹೆಣ್ಣು ನೋಡೋ ಶಾಸ್ತ್ರನಾ, ಉಪ್ಪಿಟ್ಟು ತಿಂದ್ಕೊಂಡು ಕೂತು ನೋಡೋಕೆ?"

ಹೇಮಂತ ನಗಲಿಲ್ಲ. ಯಾರ ಹತ್ತಿರ ಯಾವ ಮಾತಾಡಿದೆ ಎಂಬುದು ಹೊಳೆದು ಅಭಿಲಾಷ್ ಕೆಮ್ಮಿದ.

"ಅಮ್ಮಂಗೆ ನಾನೇನ್ ಹೇಳ್ಲಿ, ಹೇಳಿ ಮತ್ತೆ. ಚೌಳಹಿರಿಯೂರಲ್ಲಿ ಎಲ್ರೆದುರಿಗೂ ಒಪ್ಕೊಂಡಿದೀರ."

ಒಪ್ಪಿಕೊಂಡದ್ದು ನಿಜ. ಅನಿತಾಳ ವರ್ಷದ ಕಾರ್ಯವನ್ನು ಹೇಮಂತನ ಊರಾದ ಚೌಳಹಿರಿಯೂರಿನಲ್ಲಿ ಮೊನ್ನೆ ಮುಗಿಸಿದ್ದರು. ಎಡೆ ಇಟ್ಟು ಎಲ್ಲರೂ ಎಲೆಯ ಮುಂದೆ ಕುಳಿತಾಗ ಅತ್ತೆ ಭಾಗೀರಥಮ್ಮ ಊಟ ಮಾಡಲಿಲ್ಲ. ಅನ್ನವನ್ನು ಬೆರಳಲ್ಲಿ ಅತ್ತಿಂದಿತ್ತ ಸರಿಸುತ್ತ, ವರ್ಷದಿಂದ ಕೇಳುತ್ತಿದ್ದುದನ್ನೇ ಮತ್ತೆ, "ಹೇಮಂತಪ್ಪ, ನನ್ ಮಗ್ಳು ಕೊನೇಲಿ ನೀರು ಕೇಳಿದ್ ಜಾಗ ಒಂದ್ಸಲ ತೋರ್ಸ್ಬಿಡಿ. ಅಲ್ಲಿ ಒಂದು ಲೋಟ ನೀರು ಬಿಟ್ಟು ಬತ್ತೀನಿ. ಆಮೇಲೆ ನಿಮ್ಮನ್ನ ಏನೂ ಕೇಳಲ್ಲ" ಎಂದಿದ್ದರು. ಅವನು ಆಗಲಿ ಎಂದಿದ್ದ. ಎಂಜಿನ್ ಕೆಟ್ಟಿದೆಯಲ್ಲ ಎಂದು ಯಾರೋ ನೆನಪಿಸಿದಾಗ, "ನಾನೇ ರಿಪೇರಿ ಮಾಡ್ತೀನಿ" ಎಂದೂ ಅಂದುಬಿಟ್ಟಿದ್ದ.

"ಅವ್ರು ಹರಿಗೋಲಲ್ಲಿ ಬರೋಕಾಗಲ್ಲ ಅಭಿ. ನಡುನೀರಲ್ಲಿ ಗಾಳಿ ಎದ್ರೆ ತಿರುಗಿಸಿಬಿಡುತ್ತೆ," ಎಂದ ಹೇಮಂತ.

"ಅದಕ್ಕೇ ಹೇಳ್ತಿರೋದು, ಕಡೂರಲ್ಲಿ ದುಶ್ಯಂತ್ ಅಂತ ಇದಾನೆ. ಟಿಲ್ಲರ್ರು, ಪಂಪ್‌ಸೆಟ್ಟು ಎಲ್ಲ ಬಿಚ್ಚಾಕ್ತಾನೆ. ದೋಣಿ ಎಂಜಿನ್ನೂ ಮಾಡಿದೀನಿ ಅಂದ. ಕರ್ಕೊಂಡ್ ಬರ್ಲಾ?"

"ಬೇಡ. ನಾನೇ ಮಾಡ್ತೀನಿ."

"ಬಿಎಸ್ಸಿ ಓದಿದೋರು ನೀವು, ಮೀನಿನ ಡಾಕ್ಟರು. ಎಂಜಿನ್ನಿಗೆಲ್ಲ ಯಾಕ್ ಕೈ ಹಾಕ್ತೀರ? ಒಂದು ವರ್ಷದಿಂದ ರಿಪೇರಿ ರಿಪೇರಿ ಅಂತಿದೀರ..."

"ಬೇಡ ಅಂದ್ನಲ್ಲ ಅಭಿ."

ಅಭಿಲಾಷ್ ಆಯ್ತು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಫೋನಿಟ್ಟ.

ಹೇಮಂತ ಟಾರ್ಪಾಲಿನ ಒಂದು ಮೂಲೆಯನ್ನು ಎತ್ತಿದ. ಹಲಗೆಯ ಕೆಳಗೆ, ಕೆಂಪು ಟ್ಯಾಂಕಿನ ಮುಚ್ಚಳದ ಮೇಲೆ ಮೂರು ಬಿಳಿ ಗೆರೆಗಳಿದ್ದವು. ನಡುವೆ ಕುಂಕುಮದ ಬೊಟ್ಟು, ಈಗ ಕಂದಾಗಿತ್ತು. ಗೆರೆಗಳು ಎಡಗಡೆ ದಪ್ಪ, ಬಲಕ್ಕೆ ಹೋಗುತ್ತ ತೆಳು. ಅನಿತಾ ಎಲ್ಲವನ್ನೂ ಎಡದಿಂದ ಬಲಕ್ಕೆ ಒಂದೇ ಉಸಿರಿಗೆ ಎಳೆಯುತ್ತಿದ್ದಳು. ಮೊದಲ ಗೆರೆಯ ಶುರುವಿನಲ್ಲಿ ಅವಳ ಬೆರಳ ತುದಿಯ ಸುಳಿ ಅಚ್ಚಾಗಿ ಉಳಿದಿತ್ತು. ಬಿಸಿಲು ಒಂದು ಕೋನದಲ್ಲಿ ಬಿದ್ದಾಗ ಮಾತ್ರ ಅದು ಕಾಣುತ್ತಿತ್ತು. ಅದು ಯಾವ ಹೊತ್ತಿನ ಬಿಸಿಲು ಎಂಬುದು ಅವನಿಗೆ ಗೊತ್ತಿತ್ತು.

ಹೋದ ವರ್ಷದ ಆಯುಧಪೂಜೆಯ ದಿನ ಅವಳು ಮನೆಯ ಯಾವುದನ್ನೂ ಬಿಟ್ಟಿರಲಿಲ್ಲ. ಮಿಕ್ಸಿ, ಕುಕ್ಕರು, ತಕ್ಕಡಿ, ಬೈಕು, ಕೊನೆಗೆ ದೋಣಿ. ಅವಳ ತವರಿನಲ್ಲಿ ಒಂದು ರೂಢಿಯಿತ್ತು. ಉಳಿದವರು ವಿಭೂತಿಯನ್ನು ಎಲ್ಲಿ ಜಾಗ ಕಂಡರೆ ಅಲ್ಲಿ ಹಚ್ಚುತ್ತಾರೆ. ಇವರು ಬಾಯಿಗೆ ಹಚ್ಚುತ್ತಾರೆ. ಒಳಕಲ್ಲಾದರೆ ಅದರ ಬಾಯಿಗೆ, ಬಿಂದಿಗೆಯಾದರೆ ಬಾಯಿಗೆ. ವಸ್ತು ಉಣ್ಣುವ ಜಾಗಕ್ಕೆ ಕಾವಲಿರಬೇಕು ಎಂಬುದು ಭಾಗೀರಥಮ್ಮ ಮಗಳಿಗೆ ಹೇಳಿಕೊಟ್ಟ ಮಾತು. ಬೇಗ ಉದುರಬಾರದೆಂದು ವಿಭೂತಿಯನ್ನು ನೀರಿನ ಬದಲು ಹಸಿ ಹಾಲಿನಲ್ಲಿ ಕಲಸುವುದನ್ನೂ ಅವರೇ ಕಲಿಸಿದ್ದರು. ಹಾಲಿನಲ್ಲಿ ಕಲಸಿದ್ದು ಒಣಗಿದರೆ ಸುಣ್ಣದ ಗಾರೆಯಂತೆ ಕೂರುತ್ತದೆ.

"ಇದು ಎಲ್ಲಿಂದ ಉಣ್ಣುತ್ತೆ ರೀ?" ಎಂದು ದೋಣಿಯಲ್ಲಿ ನಿಂತು ಕೇಳಿದ್ದಳು ಅನಿತಾ.

"ಇಲ್ಲಿಂದ," ಎಂದು ಟ್ಯಾಂಕಿನ ಮುಚ್ಚಳ ತೋರಿಸಿದವನು ಅವನೇ.

ಆ ಮುಚ್ಚಳದ ನೆತ್ತಿಯಲ್ಲಿ ಸೂಜಿಯ ಮೊನೆಯಷ್ಟು ಒಂದು ತೂತಿತ್ತು. ಪೆಟ್ರೋಲು ಎಂಜಿನ್ನಿಗೆ ಹೋಗುತ್ತಿದ್ದಂತೆ ಖಾಲಿಯಾದ ಜಾಗಕ್ಕೆ ಆ ತೂತಿನಿಂದ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕು ಪೆಟ್ರೋಲನ್ನು ಬಿಟ್ಟುಕೊಡುವುದಿಲ್ಲ. ಎಂಜಿನ್ ಸ್ವಲ್ಪ ದೂರ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಕಾಯ್ದರೆ ಮತ್ತೆ ಹೊತ್ತಿಕೊಳ್ಳುತ್ತದೆ, ಮತ್ತೆ ನಿಲ್ಲುತ್ತದೆ. ಇದೆಲ್ಲ ಅವನಿಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಮಳೆ ನಂಬಿದ ಬಯಲು ಊರಿನಿಂದ ಬಂದವನಿಗೆ ದೋಣಿಯೇ ಹೊಸದು. ದೋಣಿಯನ್ನು ಮಾರಿದವನು ಹಗ್ಗ ಎಳೆಯುವುದನ್ನೂ ಪ್ಲಗ್ ಒರೆಸುವುದನ್ನೂ ಹೇಳಿಕೊಟ್ಟು ಹೋಗಿದ್ದ.

ಹಬ್ಬವಾಗಿ ಎರಡು ದಿನಕ್ಕೆ, ಮಧ್ಯಾಹ್ನ, ಅನಿತಾ ಅಡುಗೆಮನೆಯ ಗೋಡೆ ಹಿಡಿದುಕೊಂಡು ಕೂತಳು. ಹೊಟ್ಟೆ ನೋವು ಎಂದಳು. ಮೊದಲು ಅವನು ಜೀರಿಗೆ ಕಷಾಯ ಕಾಸಿದ. ಅದನ್ನು ಕುಡಿಯಲು ಎದ್ದವಳು ಹಾಗೇ ಬಿಳುಚಿಕೊಂಡು ಕುಸಿದಾಗ, ಎತ್ತಿಕೊಂಡು ಬಂದು ದೋಣಿಯಲ್ಲಿ ಮಲಗಿಸಿದ. ಆಚೆ ದಡಕ್ಕೆ ಆಂಬುಲೆನ್ಸ್ ಬರುತ್ತದೆಂದು ಫೋನಿನಲ್ಲಿ ಹೇಳಿದ್ದರು. ಎಂಜಿನ್ ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ನೀರಿನಿಂದ ತಲೆ ಎತ್ತಿದ ಒಣಮರಗಳ ಗುಂಪನ್ನು ದಾಟಿ ನಡುನೀರಿಗೆ ಬಂದಾಗ ನಿಂತಿತು.

ಅವನು ಹಗ್ಗ ಎಳೆದ. ಅಂಗೈ ಸಿಪ್ಪೆ ಎದ್ದು ಹಗ್ಗ ಜಾರುವವರೆಗೂ ಎಳೆದ. ಒಮ್ಮೆ ಹೊತ್ತಿ ತುಸು ದೂರ ಹೋಗಿ ಮತ್ತೆ ನಿಂತಿತು. ಪ್ಲಗ್ ಬಿಚ್ಚಿ ಒರೆಸಿ ಹಾಕಿದ. ಅನಿತಾ ಕಣ್ಣು ಬಿಟ್ಟು ನೀರು ಕೇಳಿದಳು. ಬೊಗಸೆಯಲ್ಲಿ ಎತ್ತಿ ಕುಡಿಸಿದ. ತುಟಿ ಒದ್ದೆಯಾಯಿತು, ಅಷ್ಟೇ. ಆಮೇಲೆ ಅವಳು ಎಂಜಿನ್ ಕಡೆ ನೋಡಿ, ಬಹಳ ಮೆಲ್ಲಗೆ, ತನ್ನಿಂದೇನೋ ತಪ್ಪಾಯಿತೆಂಬಂತೆ ಹೇಳಿದಳು: "ಪೂಜೆ ಮಾಡಿದ್ನಲ್ಲ ರೀ. ಆದ್ರೂ ನಿಂತೋಯ್ತಾ?"

ಅವನು ಹುಟ್ಟು ಹಾಕಿದ. ದಡ ಸೇರುವಾಗ ಅವಳು ಇರಲಿಲ್ಲ. ಗರ್ಭ ನಾಳದಲ್ಲೇ ನಿಂತು ಒಡೆದಿತ್ತು, ಒಳಗೆಲ್ಲ ರಕ್ತ ತುಂಬಿತ್ತು ಎಂದು ತರೀಕೆರೆಯಲ್ಲಿ ಡಾಕ್ಟರು ಹೇಳಿದರು. ಬಸುರಿ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಬೇಗ ಬಂದಿದ್ದರೆ ಏನಾದರೂ ಮಾಡಬಹುದಿತ್ತೇ ಎಂದು ಅಭಿಲಾಷ್ ಕೇಳಿದಾಗ ಡಾಕ್ಟರು ಹೇಮಂತನ ಕೈಗೆ ಬ್ಯಾಂಡೇಜ್ ಸುತ್ತಲು ಹೇಳಿ ಒಳಗೆ ಹೋದರು.

ಎಂಜಿನ್ ಯಾಕೆ ನಿಂತಿತು ಎಂದು ಎಲ್ಲರೂ ಕೇಳಿದ್ದರು. ಪೆಟ್ರೋಲಿನಲ್ಲಿ ನೀರು ಸೇರಿತ್ತು ಎಂದಿದ್ದ. ಅವನೂ ಹಾಗೆಯೇ ನಂಬಿದ್ದ. ಬೇಸಿಗೆಯಲ್ಲಿ ಒಂದು ದಿನ ದೋಣಿಯನ್ನು ಮಾರಿಬಿಡುವ ಮನಸ್ಸಾಗಿ, ದಡದಲ್ಲೇ ಎಂಜಿನ್ನನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಬಿಟ್ಟು, ಹೊಸ ಪೆಟ್ರೋಲು ಹಾಕಿ ಓಡಿಸಿ ನೋಡಿದ. ಓಡಿತು, ನಿಂತಿತು. ಪೆಟ್ರೋಲು ಎಷ್ಟಿದೆ ಎಂದು ನೋಡಲು ಮುಚ್ಚಳವನ್ನು ಸ್ವಲ್ಪ ತಿರುವಿದಾಗ ಟ್ಯಾಂಕು ಉಸ್ಸೆಂದು ಉಸಿರೆಳೆದುಕೊಂಡಿತು. ಮತ್ತೆ ಹಗ್ಗ ಎಳೆದ ಮೇಲೆ ಎಂಜಿನ್ ನಿಲ್ಲಲೇ ಇಲ್ಲ. ಅದು ಓಡುತ್ತಲೇ ಇತ್ತು. ಅವನು ಮುಚ್ಚಳದ ಮೇಲಿನ ಮೂರು ಗೆರೆಗಳನ್ನು ನೋಡುತ್ತ ನಿಂತಿದ್ದ. ಎಂಜಿನ್ ಆರಿಸಬೇಕೆಂಬುದೂ ತೋಚಲಿಲ್ಲ.

ಅಂದಿನಿಂದ ದೋಣಿ ಟಾರ್ಪಾಲಿನ ಅಡಿಯಲ್ಲೇ ಇತ್ತು. ಬೇರೆ ಮುಚ್ಚಳ ತರೋಣವೆಂದು ಶಿವಮೊಗ್ಗದಲ್ಲಿ ಹುಡುಕಿದ. ಹಳೆಯ ಟ್ಯಾಂಕಿನ ತಿರುಪಿಗೆ ಯಾವುದೂ ಕೂರಲಿಲ್ಲ. ಕೂರಲಿಲ್ಲವೆಂದು ಅವನಿಗೆ ಬೇಸರವೂ ಆಗಲಿಲ್ಲ. ಆ ಗೆರೆಗಳನ್ನು ದ್ವೇಷಿಸಬೇಕು ಎಂದು ಎಷ್ಟೋ ಸಲ ಅಂದುಕೊಂಡ. ಅವಳ ಸೀರೆಗಳನ್ನು ಯಾರುಯಾರಿಗೋ ಕೊಟ್ಟಾಗಿತ್ತು. ಬಾಚಣಿಗೆಯಲ್ಲಿದ್ದ ಕೂದಲು ಯಾವಾಗಲೋ ಗಾಳಿಗೆ ಹೋಗಿತ್ತು. ಅವಳ ಬೆರಳು ಮುಟ್ಟಿದ್ದು ಮುಟ್ಟಿದ ಹಾಗೇ ಉಳಿದಿದ್ದ ಜಾಗ ಅದೊಂದೇ.

ಅವನು ಟಾರ್ಪಾಲನ್ನು ಮತ್ತೆ ಎಳೆದ. ನಾಳೆ ಮಾಡೋಣ ಅಂದುಕೊಂಡ. ಭಾಗೀರಥಮ್ಮ ಬರುವುದು ಭಾನುವಾರ. ಒರೆಸುವ ಮೊದಲು ಇನ್ನೊಂದು ಸಲ ಆ ಹೊತ್ತಿನ ಬಿಸಿಲಿನಲ್ಲಿ ನೋಡಬೇಕು.

ಮರುದಿನ ಆ ಬಿಸಿಲು ಬೀಳುವ ಮೊದಲೇ ಏರಿಯ ಮೇಲೆ ಜೀಪಿನ ಸದ್ದಾಯಿತು. ಹೇಮಂತ ತಿರುಗಿ ನೋಡಿದ. ಡ್ರೈವರ್ ಸೀಟಿನಿಂದ ಅಭಿಲಾಷ್ ಇಳಿದ. ಹಿಂದಿನಿಂದ ಎಣ್ಣೆಯ ಕಲೆಯ ಅಂಗಿ ತೊಟ್ಟವನೊಬ್ಬ ತಗಡಿನ ಪೆಟ್ಟಿಗೆ ಹಿಡಿದು ಹಾರಿದ. ಅವನೇ ಇರಬೇಕು ದುಶ್ಯಂತ್. ಆಮೇಲೆ ಬಾಗಿಲು ಹಿಡಿದುಕೊಂಡು, ಒಂದೊಂದೇ ಕಾಲು ಊರುತ್ತ, ಭಾಗೀರಥಮ್ಮ.

"ಸರ್‌ಪ್ರೈಸ್ ಭಾವ!" ಎಂದು ಅಭಿಲಾಷ್ ಮೇಲಿನಿಂದ ಕೂಗಿದ. "ನೀವ್ ಬೇಡ ಅಂದ್ರೂ ನಾವ್ ಬಿಡ್ತೀವಾ?"

"ಮೆಲ್ಗೆ ಕಣೋ, ಕೈ ಹಿಡ್ಕೋ," ಎಂದು ಭಾಗೀರಥಮ್ಮ ಮಗನನ್ನು ಗದರಿದರು. ಇಳಿಜಾರಿನಲ್ಲಿ ಮೂವರೂ ಇಳಿಯತೊಡಗಿದರು. ಮಂಡಿನೋವಿನ ಹೆಂಗಸು, ಜಾರುವ ಮಣ್ಣು. ಅವರು ಕೆಳಗೆ ಬರಲು ಸ್ವಲ್ಪ ಹೊತ್ತು ಬೇಕಿತ್ತು.

ಹೇಮಂತ ಟಾರ್ಪಾಲ್ ಕಿತ್ತ. ಮುಚ್ಚಳದ ಮೇಲೆ ನೆರಳಿತ್ತು. ಬೆರಳ ಸುಳಿ ಕಾಣಲಿಲ್ಲ. ಒಂದು ಕ್ಷಣ, ಮೆಕ್ಯಾನಿಕ್ಕೇ ಮಾಡಲಿ ಎನ್ನಿಸಿತು. ತನ್ನ ಕೈಯಲ್ಲಿ ಆಗುವುದಕ್ಕಿಂತ ಗುರುತಿಲ್ಲದವನ ಕೈಯಲ್ಲಿ ಆಗುವುದು ಮೇಲು. ಆಮೇಲೆ ಏನಾಗುತ್ತದೆ ಎಂಬುದೂ ಕಂಡಿತು: ದುಶ್ಯಂತ್ ಮುಚ್ಚಳ ತಿರುವುತ್ತಾನೆ, ಉಸ್ಸೆನ್ನುತ್ತದೆ, ಯಾರ್ರೀ ತೂತಿನ ಮೇಲೆ ವಿಭೂತಿ ಮೆತ್ತಿರೋದು ಎಂದು ನಗುತ್ತಾನೆ. ಭಾಗೀರಥಮ್ಮ ನಗುವುದಿಲ್ಲ. ಬಾಯಿಗೆ ಹಚ್ಚಬೇಕು ಎಂದು ಹೇಳಿಕೊಟ್ಟವರು, ಹಾಲಿನಲ್ಲಿ ಕಲಸಲು ಕಲಿಸಿದವರು, ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಾರೆ.

ಹೆಗಲ ಮೇಲಿದ್ದ ಟವೆಲಿನ ತುದಿಯನ್ನು ಪೆಟ್ರೋಲಿನ ಕ್ಯಾನಿಗೆ ಅದ್ದಿದ. ಒರೆಸಿದ. ಸುಲಭವಾಗಿ ಹೋಗಲಿಲ್ಲ. ಉಗುರಿನಿಂದ ಕೆರೆಯಬೇಕಾಯಿತು. ಮೊದಲ ಗೆರೆಯ ಶುರುವನ್ನು ಕೊನೆಗೆ ಕೆರೆದ. ತೂತಿನೊಳಗೆ ಸಿಕ್ಕಿದ್ದನ್ನು ಅಂಗಿಗೆ ಚುಚ್ಚಿಕೊಂಡಿದ್ದ ಪಿನ್ನಿನಿಂದ ಬಿಡಿಸಿದ. ಬಿಳಿಯ ಪುಡಿ ಅಂಗೈಗೆ ಉದುರಿತು. ಅದನ್ನೇನು ಮಾಡಬೇಕೆಂದು ತಿಳಿಯದೆ, ಹೆಜ್ಜೆ ಸದ್ದು ಹತ್ತಿರ ಬಂದದ್ದರಿಂದ, ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟ.

"ಏನ್ ಸಾರ್, ಪೇಷೆಂಟ್ ಎಲ್ಲಿ?" ಎನ್ನುತ್ತ ದುಶ್ಯಂತ್ ಪೆಟ್ಟಿಗೆ ಇಳಿಸಿದ. ಎಂಜಿನ್ ಸುತ್ತ ಒಂದು ಸುತ್ತು ಬಂದ, ಪ್ಲಗ್ ಬಿಚ್ಚಿ ನೋಡಿ ಹಾಕಿದ, ಕಾರ್ಬೊರೇಟರಿನ ಹತ್ತಿರ ಮೂಗು ತಂದು ಮೂಸಿದ. ಆಮೇಲೆ ಎಲ್ಲರೂ ಸೇರಿ ದೋಣಿಯನ್ನು ನೀರಿಗೆ ತಳ್ಳಿದರು. ದುಶ್ಯಂತ್ ಹಗ್ಗ ಎಳೆದ. ಮೂರನೆಯ ಎಳೆತಕ್ಕೆ ಹೊತ್ತಿಕೊಂಡಿತು. ದಡದ ಹತ್ತಿರವೇ ದೊಡ್ಡ ಸುತ್ತು ಹಾಕಿದ. ಮತ್ತೊಂದು ಹಾಕಿದ. ಎಂಜಿನ್ ತೊದಲಲೂ ಇಲ್ಲ.

"ಸಾರ್," ಎಂದ ದಡಕ್ಕೆ ಬಂದು, "ನನ್ನ ಕಡೂರಿಂದ ಕರೆಸಿದ್ದು ದೋಣಿ ವಿಹಾರ ಮಾಡ್ಸೋಕಾ? ಇದಕ್ಕೆ ಏನೂ ಆಗಿಲ್ಲ. ನನಗಿಂತ ಆರೋಗ್ಯವಾಗಿದೆ."

ಅಭಿಲಾಷ್ ನಗಲಿಲ್ಲ. ಹೇಮಂತನ ಮುಖವನ್ನೇ ನೋಡಿದ. "ಏನೂ ಆಗಿಲ್ವಂತೆ ಭಾವ. ವರ್ಷದಿಂದ ಇದಕ್ಕೇನೂ ಆಗೇ ಇಲ್ವಂತೆ."

"ಹಳೇ ಪೆಟ್ರೋಲ್ ಇತ್ತು. ಚೆಲ್ಲಿದೆ."

"ಅಷ್ಟಕ್ಕೆ ಒಂದು ವರ್ಷ ಬೇಕಾಯ್ತಾ? ಅಮ್ಮ ದಿನಾ ಕೇಳೋಳು. ಕರ್ಕೊಂಡ್ ಬರೋಕೆ ಮನಸಿಲ್ಲ ಅಂತ ಮೊದ್ಲೇ ಹೇಳ್ಬೋದಿತ್ತಲ್ಲ?"

"ಲೇ ಅಭಿ, ಸುಮ್ನಿರೋ," ಎಂದರು ಭಾಗೀರಥಮ್ಮ. "ಅವ್ರಿಗೆ ಆ ಕಡೆ ಹೋಗೋಕೆ ಆಗಿರಲ್ಲ ಕಣೋ. ನಿಂಗೇನ್ ಗೊತ್ತಾಗುತ್ತೆ."

ಹೇಮಂತ ಅವರಿಗೆ ಕೈಕೊಟ್ಟು ದೋಣಿ ಹತ್ತಿಸಿದ. ಅಭಿಲಾಷ್ ದುಶ್ಯಂತನ ಜೊತೆ ದಡದಲ್ಲೇ ಉಳಿದ. ಮನೆಯಿಂದ ತಂದ ಹಿತ್ತಾಳೆ ಲೋಟವನ್ನು ಭಾಗೀರಥಮ್ಮ ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಹಿಂದಿನ ಹಲಗೆಯ ಮೇಲೆ, ಅವನ ಪಕ್ಕದಲ್ಲೇ ಕುಳಿತರು.

ಒಣಮರಗಳ ಗುಂಪು ಎದುರಾದಾಗ ಅವರು ಸೊಂಟದ ಚೀಲದಿಂದ ಸಣ್ಣ ಡಬ್ಬಿಯೊಂದನ್ನು ತೆಗೆದರು. ಮುಚ್ಚಳ ಬಿಚ್ಚಿದಾಗ ಹಸಿ ಹಾಲಿನ ವಾಸನೆ ಬಂತು.

"ಈ ಸಲ ಸೂತಕ ಅಂತ ಹಬ್ಬ ಮಾಡ್ಲಿಲ್ಲ ನಾವು. ವರ್ಷ ಮುಗೀತಲ್ಲ, ಇದನ್ನ ಬರೀ ಹಣೇಲಿ ಬಿಡ್ಬಾರ್ದು. ಅವಳಿದ್ದಿದ್ರೆ ಬಿಡ್ತಿರ್ಲಿಲ್ಲ." ಎಂಜಿನ್ ಕಡೆ ನೋಡಿ, "ಇದರ ಬಾಯಿ ಎಲ್ಲಪ್ಪಾ?" ಎಂದರು.

ಹೇಮಂತ ಒಣಮರಗಳಿಂದ ದೋಣಿಯನ್ನು ತಪ್ಪಿಸಿದ. ಅವರೇ ಬಗ್ಗಿ ಹಲಗೆಯ ಕೆಳಗೆ ನೋಡಿ, ಪೆಟ್ರೋಲಿನ ವಾಸನೆ ಹಿಡಿದು ಮುಚ್ಚಳವನ್ನು ಕಂಡುಕೊಂಡರು. ಮೂರು ಬೆರಳು ಅದ್ದಿ ಎಳೆದರು. ದೋಣಿ ಕುಲುಕುತ್ತಿತ್ತು. ಗೆರೆಗಳು ಡೊಂಕಾದವು, ಒಂದು ಇನ್ನೊಂದಕ್ಕೆ ಕೂಡಿಕೊಂಡಿತು. ಉಳಿದದ್ದನ್ನು ಅಲ್ಲಿಗೇ ಮೆತ್ತಿ ಕೈ ಮುಗಿದರು.

ಅವನು ಚುಕ್ಕಾಣಿಯ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಹಲಗೆಯ ಕೆಳಗೆ ಇಳಿಸಿದ. ಹಸಿ ವಿಭೂತಿಗೆ ತಾಗದಂತೆ ಮುಚ್ಚಳದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಕಾಲು ಸುತ್ತು ಸಡಿಲಿಸಿದ. ಎಂಜಿನ್ ಒಂದೇ ಸಮನೆ ಓಡುತ್ತಿತ್ತು.

"ವಾಸನೆ ಬತ್ತಿದೆಯಲ್ಲ?" ಎಂದರು ಭಾಗೀರಥಮ್ಮ.

"ಬರುತ್ತೆ ಅತ್ತೆ. ಪೆಟ್ರೋಲು."

ನಡುನೀರಿನಲ್ಲಿ ಅವನು ಎಂಜಿನ್ ಆರಿಸಿದ. ಜಾಗ ಇದೇ ಎಂದು ಹೇಳಬೇಕಾಗಲಿಲ್ಲ. ಅವರು ಲೋಟವನ್ನು ಹಿನ್ನೀರಿನಲ್ಲಿ ಅದ್ದಿ ತುಂಬಿಸಿದರು, ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಹಿಡಿದುಕೊಂಡರು, ಆಮೇಲೆ ನಿಧಾನವಾಗಿ ಅದೇ ನೀರಿಗೆ ಬಿಟ್ಟರು. "ಕುಡಿಯಮ್ಮ," ಎಂದರು. ಮತ್ತೆ ತುಂಬಿಸಿದರು, ಮತ್ತೆ ಬಿಟ್ಟರು. ಲೋಟವನ್ನು ಅವರು ಕೆಳಗಿಡುವವರೆಗೂ ಅವನು ಬೇರೆ ಕಡೆ ನೋಡುತ್ತಿದ್ದ.

"ನೀರು ಕೇಳಿದ್ದು ಬಿಟ್ರೆ ಬೇರೇನೂ ಅನ್ಲಿಲ್ವಾ ಅವಳು?"

"ಇಲ್ಲ ಅತ್ತೆ. ನೀರು ಕೇಳಿದ್ಲು, ಅಷ್ಟೇ."

"ನೋವು ಅಂತ?"

"ಅನ್ಲಿಲ್ಲ."

ಅವರು ತಲೆಯಾಡಿಸಿದರು. ಸೆರಗಿನಿಂದ ಲೋಟ ಒರೆಸಿ, ಹೋಗೋಣ ಎಂಬಂತೆ ದಡದ ಕಡೆ ನೋಡಿದರು. ಹೇಮಂತ ಹಗ್ಗ ಎಳೆದ. ಎಂಜಿನ್ ಒಂದೇ ಎಳೆತಕ್ಕೆ ಹೊತ್ತಿಕೊಂಡಿತು, ದಡ ಮುಟ್ಟುವವರೆಗೂ ನಿಲ್ಲಲಿಲ್ಲ. "ನೋಡಿದ್ರಾ, ಬಾಯಿಗೆ ಹಚ್ಚಿದ್ದಕ್ಕೆ ಹೆಂಗ್ ಓಡ್ತು," ಎಂದು ಇಳಿಯುವಾಗ ಭಾಗೀರಥಮ್ಮ ಅವನ ಭುಜ ಸವರಿದರು. ಹೌದು ಅತ್ತೆ ಎಂದು ಅವನು ಅವರ ಕೈ ಹಿಡಿದು ಇಳಿಸಿಕೊಂಡ.

ಒಂದು ವರ್ಷದ ಹಿಂದೆ ಅದೇ ಮುಚ್ಚಳವನ್ನು ಅಷ್ಟೇ ಸಡಿಲಿಸಿದ್ದರೆ ಎಂಜಿನ್ ನಿಲ್ಲುತ್ತಿರಲಿಲ್ಲ ಎಂಬುದನ್ನು ಹೇಮಂತ ಅವರಿಗೆ ಎಂದೂ ಹೇಳಲಿಲ್ಲ.